ಯಾಕಿನ್ನೂ ಟೊಮೆಟೊ ಬೆಳೀತೀರಾ ಅನ್ನೋರಿಗೆ

"ರೇಟು ಬಿದ್ದರೆ ರಸ್ತೆಗೆ ಸುರೀತೀರ, ಏರಿದರೆ ಬೈಸ್ಕೊಳ್ತೀರ. ಈ ತಿನ್ನೋ ಜನಕ್ಕೆ ನಿಯತ್ತೇ ಇಲ್ಲ. ಯಾಕಿನ್ನೂ ಬೆಳೀತೀರಾ?"

ಬೆಂಗಳೂರಿಂದ ಕೋಲಾರಕ್ಕೆ ಬರುವ ನೆಂಟರಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಲಿಂಕ್ ಕಳಿಸಿದರೆ ಆಯ್ತು.

ದುಡ್ಡಿಗೆ ಬೆಳೆಯುತ್ತೇನೆ. ಉತ್ತರ ಅಷ್ಟೇ. ಅನ್ನದಾತ, ಬೆನ್ನೆಲುಬು ಅನ್ನೋದೆಲ್ಲ ಭಾಷಣಕ್ಕೆ ಇಟ್ಟುಕೊಳ್ಳಿ. ಮಂಡಿಯಲ್ಲಿ ಹರಾಜು ಕೂಗುವಾಗ ಅದಕ್ಕೆ ಒಂದು ರೂಪಾಯಿಯೂ ಜಾಸ್ತಿ ಸಿಗಲ್ಲ.

ನನಗೆ ರೇಗುವುದು ಕೇಳುವ ಧಾಟಿಗೆ. ಮುಳಬಾಗಿಲಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಯಲ್ಲಿ ತಂಗಿ ವರಸೆಯವಳ ಗಂಡ, ಸಾಫ್ಟ್‌ವೇರ್ ಕೆಲಸ. "ಬಾವ, ನಾವು ಟ್ಯಾಕ್ಸ್ ಕಟ್ಟಿ ಸಾಯ್ತೀವಿ, ನೀವು ಮಣ್ಣಲ್ಲಿ ದುಡಿದು ಸಾಯ್ತೀರ. ಮಿಕ್ಕೋರೆಲ್ಲ ಕೂತ್ಕೊಂಡು ತಿಂತಾರೆ. ಒಂದು ವರ್ಷ ನಿಲ್ಲಿಸಿಬಿಡಿ, ಬುದ್ಧಿ ಬರುತ್ತೆ" ಅಂದ. ಅಂದವನೇ ಬಡಿಸುವವನನ್ನು ಕರೆದು ಇನ್ನೊಂದು ಸೌಟು ತಿಳಿಸಾರು ಹಾಕಿಸಿಕೊಂಡ. ಈ ಲೆಕ್ಕದಲ್ಲಿ ಲೋಕಕ್ಕೆಲ್ಲ ಹೊರೆ ಹೊರುವವರು ಇಬ್ಬರೇ. ಕೇಳುವವನು ಯಾವಾಗಲೂ ಅದರಲ್ಲಿ ಒಬ್ಬ.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗ ಇವನದೇ ಫೋನು. "ಏನ್ ಬಾವ, ಕೆಜಿಎಫ್ ಗಣಿ ಮತ್ತೆ ಓಪನ್ ಆಯ್ತಾ?" ಗಣಿ ಮುಚ್ಚಿದ್ದು 2001ರಲ್ಲಿ, ಜೋಕು ಇನ್ನೂ ನಡೀತಿದೆ. ಎಲೆ ಮುದುಡು ರೋಗ ಬಂದು ನನ್ನ ಅರ್ಧ ತೋಟ ಹೋಗಿದ್ದನ್ನು ಕೇಳಲಿಲ್ಲ. ಮನೆ ರೇಟಿಗೆ ಒಂದು ಬಾಕ್ಸು ಕೇಳಿದ.

ಸರಿ, ನಿಲ್ಲಿಸಿದೆ ಅಂದುಕೊಳ್ಳಿ. ಯಾರಿಗೆ ಬುದ್ಧಿ ಬರುತ್ತೆ? ಮದನಪಲ್ಲಿಯಿಂದ, ನಾಸಿಕ್‌ನಿಂದ ಹಣ್ಣು ಬರುತ್ತೆ. ಅದೂ ಬರದಿದ್ದರೆ ಹುಣಸೆಹಣ್ಣು ಇದೆ. ಏಟು ಬೀಳುವುದು ಹಣ್ಣು ಕೀಳಲು ಟೆಂಪೋದಲ್ಲಿ ಬರುವ ಹೆಂಗಸರಿಗೆ. ಗಿಡದ ಕರೆ ಹತ್ತಿ ಅವರ ಅಂಗೈ ಮಧ್ಯಾಹ್ನದ ಹೊತ್ತಿಗೆ ಕಪ್ಪಗಾಗಿರುತ್ತೆ. ಸೋಪಿಗೆ ಹೋಗಲ್ಲ. ಒಡೆದ ಹಣ್ಣನ್ನೇ ಹಿಚುಕಿ, ಉಜ್ಜಿ ತೊಳೆದುಕೊಂಡು ಮುದ್ದೆಗೆ ಕೂರುತ್ತಾರೆ. ಅವರನ್ನು ಮಾತ್ರ ಯಾರೂ "ಯಾಕಮ್ಮ ಇನ್ನೂ ಬರ್ತೀರಾ, ಬಿಟ್ಟುಬಿಡಿ" ಅಂತ ಕೇಳಿದ್ದು ನಾನು ನೋಡಿಲ್ಲ. ಅವರಿಗೆ ಬೇಕಿರುವುದೂ ಥ್ಯಾಂಕ್ಸ್ ಅಲ್ಲ, ಕೂಲಿ. ಅದೂ ಆವತ್ತಿಂದು ಆವತ್ತೇ.

ಇನ್ನೊಂದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ, ನನ್ನದಕ್ಕೂ. ಆ ದುಡ್ಡಲ್ಲಿ ಅವನ ಟ್ಯಾಕ್ಸೂ ಸೇರಿದೆ. ಮದುವೆಮನೆಯಲ್ಲಿ ಇದನ್ನು ಎತ್ತಿದ್ದರೆ ನಾನು ತೆಪ್ಪಗಾಗುತ್ತಿದ್ದೆ. ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಕೇಳಲೇಬೇಕು ಅಂದರೆ ನೀರಿನ ಬಗ್ಗೆ ಕೇಳಿ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿದರೂ ಬರೀ ದೂಳು ಬಂದ ಬೋರ್‌ವೆಲ್ ಎಷ್ಟೋ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಪೈಪಿನಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಒಂದೊಂದಾಗಿ ಕೆಳಗಿನ ಕೆರೆಗಳಿಗೆ. ಕೆರೆಯಿಂದ ನೇರವಾಗಿ ಹೊಲಕ್ಕೆ ಬಿಡುವ ಹಾಗಿಲ್ಲ, ಇಂಗಿ ಬೋರ್‌ವೆಲ್ಲಿಗೆ ಬರಬೇಕು. ಬಂದಿದೆ, ಸುಳ್ಳು ಹೇಳಲ್ಲ. ಅಂದರೆ ನೀವು ಸ್ನಾನ ಮಾಡಿ ಬಿಟ್ಟ ನೀರು ಸುತ್ತು ಹಾಕಿಕೊಂಡು ನಿಮ್ಮ ಸಾರಿಗೇ ವಾಪಸ್ಸು. ಇದರಲ್ಲಿ ಯಾರು ಯಾರನ್ನು ಹೊರುತ್ತಿದ್ದಾರೆ, ನೀವೇ ಹೇಳಿ.

ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ನಮ್ಮ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ನಿಮ್ಮ ಕಡೆಯಿಂದಲೂ ನಾಲ್ಕು ಜನ ಕೂಗಿ. ಹಣ್ಣು ತಿನ್ನುವವರು ನೀವೇ ಅಲ್ವಾ?