ಅಯೋರ್ಟಾದ ಅಳತೆ

21 ನವೆಂಬರ್ 2024, ಗುರುವಾರ

ಮಧ್ಯಾಹ್ನ ಪಿಜಿ ಓದುವ ಡಾಕ್ಟರ್ ಹುಡುಗರಿಗೆ ಅಯೋರ್ಟಾಗೆ ಪೆಟ್ಟು ಬಿದ್ದವರ ಸಿಟಿ ಸ್ಕ್ಯಾನ್ ತೋರಿಸುತ್ತಾ ಕೂತಿದ್ದೆ. ಹೃದಯದಿಂದ ಹೊರಡುವ ಈ ಮಹಾಪಧಮನಿ ಎದೆಯಲ್ಲಿ ಹರಿದುಹೋಗುವ ಜಾಗ ಹೆಚ್ಚುಕಡಿಮೆ ಒಂದೇ: ಎಡಗೈಯ ರಕ್ತನಾಳ ಕವಲೊಡೆದ ತುಸು ಕೆಳಗೆ. ಓಡುವ ವಾಹನ ಗಕ್ಕನೆ ನಿಂತಾಗ ಅದರ ಬಾಗಿದ ಮೇಲ್ಭಾಗ, ಅಂದರೆ ಕಮಾನು, ಅಲ್ಲಾಡುತ್ತದೆ, ಬೆನ್ನಿಗಂಟಿದ ಭಾಗ ಅಲ್ಲಾಡುವುದಿಲ್ಲ. ಎಳೆತವೆಲ್ಲ ಆ ಸಂದಿಗೇ. ಬಹುಪಾಲು ಜನ ಆಸ್ಪತ್ರೆ ಮುಟ್ಟುವುದೇ ಇಲ್ಲ.

"ಹಾಗಾದ್ರೆ ಮುಟ್ಟಿದವರಿಗೆ ತಕ್ಷಣ ಸ್ಟೆಂಟ್ ಗ್ರಾಫ್ಟ್ ಹಾಕ್ಬೇಕಲ್ವಾ ಮೇಡಂ?" ಎಂದ ಒಬ್ಬ. ಗಾಯವಾದ ಜಾಗವನ್ನು ರಕ್ತನಾಳದ ಒಳಗಿನಿಂದ ಮುಚ್ಚುವ, ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆ ಅದು.

ಎಲ್ಲರಿಗೂ ಅಲ್ಲ. ಒಳಪದರ ಮಾತ್ರ ಸೀಳಿದ ಗ್ರೇಡ್ 1ಕ್ಕೆ ಬಿಪಿ, ನಾಡಿ ಹತೋಟಿಯಲ್ಲಿಟ್ಟು ಮತ್ತೊಮ್ಮೆ ಸಿಟಿ ಮಾಡಿದರೆ ಸಾಕು, ಹೆಚ್ಚಿನವು ತಾವೇ ಮಾಯುತ್ತವೆ. ಗೋಡೆ ಉಬ್ಬಿದ ಗ್ರೇಡ್ 3ಕ್ಕೆ ರಿಪೇರಿ ಬೇಕು, ಆದರೂ ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದ್ದರೆ ಮೊದಲು ಅದು. ಒಡೆದೇ ಹೋದ ಗ್ರೇಡ್ 4 ಕಾಯುವುದಿಲ್ಲ.

ಎದೆ ಸೀಳಿ, ಅಯೋರ್ಟಾಗೆ ಕ್ಲ್ಯಾಂಪ್ ಹಾಕಿ ಹೊಲಿಯುವ ಹಳೆಯ ಆಪರೇಷನ್‌ನಲ್ಲಿ ಬೆನ್ನುಹುರಿಗೆ ರಕ್ತ ಸಾಲದೆ ಸೊಂಟದ ಕೆಳಗೆ ಸ್ವಾಧೀನ ಹೋಗುವ ಭಯವಿತ್ತು. ತೊಡೆಸಂದಿನ ರಕ್ತನಾಳದಿಂದ ಗ್ರಾಫ್ಟ್ ಏರಿಸುವುದರಲ್ಲಿ ಅದು ಬಹಳ ಕಡಿಮೆ. ಈ ವಿದ್ಯೆಯ ಕಥೆಯನ್ನು ಎಲ್ಲರೂ 1990ರಿಂದ, ಅರ್ಜೆಂಟೀನಾದ ಸರ್ಜನ್ ಹುವಾನ್ ಪರೋಡಿಯಿಂದ ಶುರು ಮಾಡುತ್ತಾರೆ. ಪರೋಡಿ ಮಾಡಿದ್ದು ಹೊಟ್ಟೆಯ ಅಯೋರ್ಟಾದಲ್ಲಿ. ಪೆಟ್ಟಿನಿಂದ ಉಬ್ಬಿದ ಎದೆಯ ಅಯೋರ್ಟಾಗೆ ಉಕ್ರೇನಿನ ಖಾರ್ಕಿವ್‌ನ ಸರ್ಜನ್ ನಿಕೊಲಾಯ್ ವೊಲೊಡೊಸ್ 1987ರಲ್ಲೇ ಗ್ರಾಫ್ಟ್ ಇಟ್ಟಿದ್ದರು. ನಾನಂತೂ ಅವರ ಹೆಸರನ್ನೇ ಮೊದಲು ಹೇಳುತ್ತೇನೆ.

ಹುಡುಗರಿಗೆ ಗ್ರಾಫ್ಟ್ ಬಿಚ್ಚಿಕೊಳ್ಳುವ ವಿಡಿಯೋ ಮೇಲೆಯೇ ಕಣ್ಣು. ನನಗೆ ಚಿಂತೆ ಅಳತೆಯದು. ರಕ್ತ ಸೋರಿ ಬಿಪಿ ಇಳಿದವರ ಅಯೋರ್ಟಾ ಕುಗ್ಗಿರುತ್ತದೆ, ಎಳೆ ವಯಸ್ಸಿನವರದ್ದು ಇನ್ನೂ ಹೆಚ್ಚು. ಆ ಹೊತ್ತಿನ ಸಿಟಿ ನಂಬಿ ಗ್ರಾಫ್ಟ್ ಆರಿಸಿದರೆ, ರಕ್ತ ಕೊಟ್ಟು ಬಿಪಿ ಏರಿದಾಗ ಅದು ಸಡಿಲ, ಪಕ್ಕದಿಂದ ಸೋರುತ್ತದೆ. ಹಾಗಂತ ಸುಮ್ಮನೆ ದೊಡ್ಡದು ತುರುಕುವಂತೆಯೂ ಇಲ್ಲ. ಅಳತೆಗಿಂತ ಶೇ. 10–20 ಹೆಚ್ಚಿರಲಿ ಎನ್ನುವುದು ರೂಢಿ. ಅದು ಮೀರಿದರೆ, ಅದರಲ್ಲೂ ಎಳೆಯರ ಕಡಿದಾದ ಕಮಾನಿನಲ್ಲಿ, ಗ್ರಾಫ್ಟಿನ ಅಂಚು ಗೋಡೆಗೆ ಕೂರದೆ ಒಳಕ್ಕೆ ಮಡಚಿ ಕುಸಿಯಬಹುದು. ಸಂದೇಹವಿದ್ದರೆ ರಕ್ತನಾಳದ ಒಳಗಿನಿಂದಲೇ ಅಲ್ಟ್ರಾಸೌಂಡ್ ಮಾಡಿ ಅಳೆಯುವುದು ಮೇಲು.

ಅಯೋರ್ಟಾ ವಯಸ್ಸಿನ ಜೊತೆ ಹಿಗ್ಗುತ್ತಲೂ ಹೋಗುತ್ತದೆ, ಗ್ರಾಫ್ಟ್ ಹಿಗ್ಗುವುದಿಲ್ಲ. ಇಪ್ಪತ್ತರ ಹುಡುಗನಿಗೆ ಎಷ್ಟು ವರ್ಷ, ಎಷ್ಟು ಸಲ ಸಿಟಿ ಮಾಡಿಸುವುದು ಅನ್ನುವುದರ ಮೇಲೇ ಚರ್ಚೆ ಎಳೆದು ತರಗತಿಯ ಹೊತ್ತು ಮೀರಿತು.

ಮುಂದಿನ ಗುರುವಾರ ಒಂದೇ ರೋಗಿಯ ಎರಡು ಸಿಟಿ ಕೊಡಬೇಕು, ಬಿಪಿ ಇಳಿದಾಗಿನದು ಮತ್ತು ಏರಿದ ಮೇಲಿನದು. ಅಳತೆ ಅವರೇ ಮಾಡಲಿ. ಯಾವುದು ಯಾವಾಗಿನದು ಅಂತ ಮಾತ್ರ ಮೊದಲೇ ಹೇಳುವುದಿಲ್ಲ.