ತಾಮ್ರ–ಆಲ್ಜಿನೇಟ್ ಮಣಿಗಳು: ಹದಿನಾಲ್ಕನೆಯ ಬ್ಯಾಚು

ಮೂರು ವಾರ ಕಾಡಿದ ತೊಡಕು ನಿನ್ನೆ ರಾತ್ರಿ ಬಗೆಹರಿಯಿತು. ಆಲ್ಜಿನೇಟ್ ಎಂಬ ಕಡಲಪಾಚಿಯ ಅಂಟಿಗೆ ತಾಮ್ರ ಕೂರಿಸಿ ಮಾಡಿದ ಮಣಿಗಳಿದ್ದ ಎರಡು ಸೀಸೆಗಳಲ್ಲಿ, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಬೆರೆಸಿದ ಸೀಸೆಯ ದ್ರವ ಕಡುನೀಲಿಯಾಯಿತು. ಬರಿಯ ಬಫರ್ (ಪಿಎಚ್ ಅನ್ನು, ಅಂದರೆ ಆಮ್ಲೀಯತೆಯ ಮಟ್ಟವನ್ನು, ಸ್ಥಿರವಾಗಿಡುವ ದ್ರಾವಣ) ಇದ್ದ ಸೀಸೆ ಕೊನೆಯವರೆಗೂ ತಿಳಿಯಾಗಿಯೇ ಇತ್ತು. ಆ ಎರಡನೆಯ ಸೀಸೆಗಾಗಿ ಹದಿಮೂರು ಬ್ಯಾಚು ಮಣಿಗಳನ್ನು ಚೆಲ್ಲಿದ್ದೇನೆ.

ಶೇ. 2ರ ಸೋಡಿಯಂ ಆಲ್ಜಿನೇಟನ್ನು 0.1 ಮೋಲಾರ್ ತಾಮ್ರದ ಸಲ್ಫೇಟಿಗೆ ಹನಿಸಿ ಮಣಿ ಕಟ್ಟುವ ಕೆಲಸವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆಲ್ಜಿನೇಟಿನ ಗುಲುರಾನಿಕ್ ಆಮ್ಲದ ಸರಪಳಿಗಳ ನಡುವೆ ಕೊಂಡಿಯಾಗಿ ಕುಳಿತ ತಾಮ್ರವನ್ನು, ಅದನ್ನು ಇನ್ನೂ ಬಿಗಿಯಾಗಿ ಹಿಡಿಯಬಲ್ಲ ಹಿಸ್ಟಿಡಿನ್ ಹೊರಗೆಳೆಯಬೇಕು, ಕೊಂಡಿ ಕಳಚಿದಂತೆ ಮಣಿ ಮೆತ್ತಗಾಗಿ ಸುತ್ತಲಿನ ದ್ರವಕ್ಕೆ ಬಣ್ಣ ಬರಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಆದರೆ ಹಿಸ್ಟಿಡಿನ್ ಇಲ್ಲದ ಸೀಸೆಯಲ್ಲೂ ಮಣಿಗಳು ಕೆಡುತ್ತಿದ್ದವು. ಮೊದಲ ಅನುಮಾನ ಆಲ್ಜಿನೇಟಿನ ಮೇಲೆಯೇ ಹೋಯಿತು, ಏಕೆಂದರೆ ಶುದ್ಧ ಪುಡಿ ಕೇಳಿದ್ದಕ್ಕೆ ಮಾರಾಟಗಾರರು ಅಡುಗೆಗೆಂದು ಏನೇನೋ ಬೆರೆಸಿದ ಪುಡಿಯನ್ನು ಕಳುಹಿಸಿದ್ದರು. ಲೇಬಲ್ಲಿನಲ್ಲಿ ಬೆರಕೆಯ ಪ್ರಸ್ತಾಪವೇ ಇರಲಿಲ್ಲ. ಇಂಥ ಅಜಾಗರೂಕತೆಯಿಂದ ಕೊಳ್ಳುವವರ ವಾರಗಳೇ ಹಾಳಾಗುತ್ತವೆ. ಪುಡಿ ಬದಲಾಯಿಸಿದ ಮೇಲೂ ಫಲಿತಾಂಶ ಬದಲಾಗಲಿಲ್ಲ.

ಎಂಟನೆಯ ಬ್ಯಾಚಿನ ಮಣಿಯೊಂದನ್ನು ಭೂತಗನ್ನಡಿಯ ಕೆಳಗಿಟ್ಟಾಗ ಸುಳಿವು ಸಿಕ್ಕಿತು. ಮಣಿಯ ಮೈಮೇಲೆ ಬೂಷ್ಟಿನಂತೆ ತಿಳಿನೀಲಿ ಪೊರೆ ಕಟ್ಟಿತ್ತು; ಸೂಜಿಯಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಅದು ತಾಮ್ರದ ಫಾಸ್ಫೇಟ್. ನನ್ನ 7.4 ಪಿಎಚ್‌ನ ಫಾಸ್ಫೇಟ್ ಬಫರ್ ತಾನೇ ತಾಮ್ರವನ್ನು ಎಳೆದುಕೊಳ್ಳುತ್ತಿತ್ತು. ಅದನ್ನು ಬಿಟ್ಟು ಟ್ರಿಸ್ ಎಂಬ ಇನ್ನೊಂದು ಬಫರ್ ಹಿಡಿದೆ. ಅದರ ಅಮೈನ್ (ಸಾರಜನಕವಿರುವ) ಗುಂಪೂ ತಾಮ್ರಕ್ಕೆ ಅಂಟಿಕೊಳ್ಳುವುದರಿಂದ ಹಿಸ್ಟಿಡಿನ್ ಇಲ್ಲದ ಸೀಸೆಯೂ ನೀಲಿಯಾಯಿತು. ಕೊನೆಗೆ ಲೋಹವನ್ನು ಅಷ್ಟಾಗಿ ಹಿಡಿಯದ ಎಂಇಎಸ್ ಬಫರನ್ನು 6 ಪಿಎಚ್‌ನಲ್ಲಿ ಬಳಸಿ, ಮಣಿಯೊಳಗೆ ಉಳಿದ ಬಿಡಿ ತಾಮ್ರ ಹೋಗುವ ತನಕ ಮಣಿಗಳನ್ನು ಏಳು ಸಲ ತೊಳೆದ ಮೇಲೆ ನಿನ್ನೆಯ ಫಲಿತಾಂಶ ಬಂದಿತು. ಈ ತೊಳೆಯುವ ಹಂತವನ್ನು ದಯವಿಟ್ಟು ಯಾರೂ ಬಿಡಬೇಡಿ.

ಇದರ ನಡುವೆ ಟರ್ಬಿಯಂ ಎಂಬ ವಿರಳ ಲೋಹದ ಕಡೆಗೆ ಮನಸ್ಸು ಹರಿದಿದೆ. ಬ್ಯಾಕ್ಟೀರಿಯಾದ ಬೀಜಕಗಳಲ್ಲಿರುವ ಡೈಪಿಕೊಲಿನಿಕ್ ಆಮ್ಲವು ಟರ್ಬಿಯಂಗೆ ಅಂಟಿಕೊಂಡಾಗ ನೇರಳಾತೀತ ಬೆಳಕನ್ನು ತಾನು ಹೀರಿ ಲೋಹಕ್ಕೆ ದಾಟಿಸುತ್ತದೆ, ಆಗ ಲೋಹ 545 ನ್ಯಾನೊಮೀಟರಿನ ಸುತ್ತ ಹಸಿರಾಗಿ ಹೊಳೆಯುತ್ತದೆ. ತಾಮ್ರದ ಜಾಗದಲ್ಲಿ ಟರ್ಬಿಯಂ ಕೂರಿಸಿದ ಮಣಿಗಳೇ ಮುಂದಿನ ಯೋಜನೆ. ಅದಕ್ಕೆ ಮೊದಲು ಕಣ್ಣಿಗೆ ತಕ್ಕ ರಕ್ಷಣಾ ಕನ್ನಡಕ ಬೇಕು.

ತಾಮ್ರದ ಮಣಿಗಳ ಕೆಲಸವಂತೂ ಇನ್ನೂ ಮುಗಿದಿಲ್ಲ. ಗ್ಲೈಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಹಾಕಿದರೂ ದ್ರವ ನೀಲಿಯಾಗುತ್ತದೆ, ಬಣ್ಣ ಮಾತ್ರ ತೆಳು; ಆದ್ದರಿಂದ ಇದನ್ನು ಹಿಸ್ಟಿಡಿನ್ ಸಂವೇದಕ, ಅಂದರೆ ಅದನ್ನಷ್ಟೇ ಗುರುತಿಸುವ ಸಾಧನ, ಎಂದು ಕರೆಯಲು ನಾನು ಸಿದ್ಧನಿಲ್ಲ. ತಾಮ್ರವನ್ನು ಅಪಕರ್ಷಿಸಬಲ್ಲ (ಎಲೆಕ್ಟ್ರಾನ್ ಕೊಟ್ಟು ಬಣ್ಣವಿಲ್ಲದ ರೂಪಕ್ಕೆ ತರಬಲ್ಲ) ಸಿಸ್ಟೀನ್ ಎಂಬ ಅಮೈನೊ ಆಮ್ಲ ಮಣಿಯ ನೀಲಿಯನ್ನೇ ಅಳಿಸಬೇಕು. ಅದರ ಸೀಸೆಗಳು ಇಂದು ಸಂಜೆ ಮೇಜಿನ ಮೇಲೆ ಸಾಲಾಗಿ ಕಾದಿವೆ.