ಗ್ಯಾಸ್ ಗುಳಿಗೆ ನುಂಗುವ ಹೊತ್ತು

ಸಂಜೆ ಗಿರಮಿಟ್, ಜೊತೆಗೆ ನಾಲ್ಕು ಮಿರ್ಚಿ ಭಜಿ. ರಾತ್ರಿ ತಡವಾಗಿ ಸಾವಜಿ ಊಟ. ಹನ್ನೊಂದಕ್ಕೆ ಎದೆಯುರಿ, ಹುಳಿತೇಗು. "ಗ್ಯಾಸ್ ಆಗೇತ್ರಿ, ಒಂದ್ ಗುಳಿಗಿ ಕೊಡ್ರಿ" ಎಂದು ಔಷಧಿ ಅಂಗಡಿಯಿಂದ ಪ್ಯಾಂಟೊಪ್ರಜೋಲ್ ತಂದು ನುಂಗಿ ಮಲಗುವುದು ಹುಬ್ಬಳ್ಳಿ-ಧಾರವಾಡದಲ್ಲಿ ಮಾಮೂಲು. ಆ ಹೊತ್ತಿನಲ್ಲಿ ಅದರಿಂದ ಸಿಗುವ ಉಪಯೋಗ ತೀರಾ ಕಡಿಮೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲದ ತಂಟೆಗೆ ಹೋಗುವುದಿಲ್ಲ. ಆಮ್ಲ ಸುರಿಸುವ ಪಂಪುಗಳನ್ನು ಕಟ್ಟಿಹಾಕುತ್ತವೆ, ಅದೂ ಪಂಪು ನಡೆಯುತ್ತಿದ್ದಾಗ ಮಾತ್ರ. ಪಂಪು ಚಾಲೂ ಆಗುವುದು ಉಂಡಾಗ. ಹಾಗಾಗಿ ನಾಷ್ಟಾಕ್ಕೆ 30ರಿಂದ 60 ನಿಮಿಷ ಮೊದಲು, ಖಾಲಿ ಹೊಟ್ಟೆಯಲ್ಲಿ, ಅಗಿಯದೆ ನುಂಗಬೇಕು. ಪೂರ್ತಿ ಗುಣ ಕಾಣಲು ಮೂರು-ನಾಲ್ಕು ದಿನ ಬೇಕು. ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು. ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು.

ತಕ್ಷಣದ ಉರಿಗೆ ಬೇಕಾದದ್ದು ಇರುವ ಆಮ್ಲವನ್ನೇ ತಣಿಸುವ ಆಂಟಾಸಿಡ್ ಸಿರಪ್: ಊಟವಾದ ಒಂದು ತಾಸಿನ ನಂತರ ಸುಮಾರು 10 ಮಿ.ಲೀ. ಇದರಲ್ಲಿರುವ ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಸಡಿಲಿಸುತ್ತದೆ. ಎರಡನ್ನೂ ಸೇರಿಸುವುದು ಅದಕ್ಕೇ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರವಿರಲಿ, ಇಲ್ಲವಾದರೆ ಆ ಗುಳಿಗೆ ಮೈಗೆ ಹತ್ತುವುದಿಲ್ಲ. ಅಡುಗೆ ಸೋಡಾ ಕುಡಿದಾಗ ಬರುವ ದೊಡ್ಡ ತೇಗು, ಸೋಡಾ ಆಮ್ಲಕ್ಕೆ ಸೇರಿ ಹುಟ್ಟಿದ ಗಾಳಿಯೇ ಹೊರತು ಒಳಗಿದ್ದ ಗ್ಯಾಸ್ ಅಲ್ಲ. ಅದರಲ್ಲಿ ಸೋಡಿಯಂ ವಿಪರೀತ. ಬಿಪಿ, ಕಿಡ್ನಿ ತೊಂದರೆ ಇದ್ದವರು ಮುಟ್ಟಬಾರದು.

ಹೊಟ್ಟೆ ಬರೀ ಉಬ್ಬಿದ್ದರೆ ಅರ್ಧ ಚಮಚ ಅಜವಾನ, ಚಿಟಿಕೆ ಉಪ್ಪು ಅಗಿದು ಬಿಸಿನೀರು ಕುಡಿದು ನೋಡಬಹುದು. ಎದೆಯುರಿಗೆ ಮಾತ್ರ ಪುದೀನ ಬೇಡ; ಅನ್ನನಾಳದ ಕೆಳಬಾಯಿಯನ್ನು ಅದು ಇನ್ನಷ್ಟು ಸಡಿಲಿಸುತ್ತದೆ. ಬೈಗುಳವೆಲ್ಲ ಖಾರಕ್ಕೇ ಬೀಳುತ್ತದೆ, ಆದರೆ ಮಿರ್ಚಿಯ ಎಣ್ಣೆಯೂ ಅಷ್ಟೇ ಹೊಣೆ. ಎಣ್ಣೆ ಹೆಚ್ಚಾದಷ್ಟೂ ಜಠರ ಖಾಲಿಯಾಗುವುದು ತಡ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಕಂಡು ಹೆದರಬೇಕಿಲ್ಲ, ಅದರದು ಬಣ್ಣ ಜಾಸ್ತಿ, ಖಾರ ಕಡಿಮೆ. ಮೊಣಕಾಲು ನೋವಿಗೆಂದು ದಿನಾ ಡೈಕ್ಲೋಫೆನಾಕ್ ನುಂಗುವವರು ಮೊದಲು ಅದನ್ನೇ ಅನುಮಾನಿಸಲಿ, ಜಠರದಲ್ಲಿ ಹುಣ್ಣು ಮಾಡುತ್ತದೆ.

ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ ಅಜವಾನ ಹುಡುಕುತ್ತ ಕೂಡಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಆಗಲಿ. ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನುಂಗಿದ್ದು ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಎಂಡೋಸ್ಕೋಪಿ ಬೇಕಾಗುತ್ತದೆ. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ವೈದ್ಯರಿಗೆ ಹೇಳಿ.

ರಾತ್ರಿಯ ಉರಿಗೆ ಎರಡು ದಿಂಬು ಇಟ್ಟುಕೊಂಡರೆ ನಡು ಬಾಗಿ ಹೊಟ್ಟೆ ಒತ್ತುತ್ತದೆ, ಉರಿ ಹೆಚ್ಚುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಕಟ್ಟಿಗೆ ತುಂಡು ಕೊಟ್ಟು 15 ಸೆಂ.ಮೀ. ಎತ್ತರಿಸಿ, ಎಡಮಗ್ಗುಲಿಗೆ ಮಲಗಿ. ಊಟಕ್ಕೂ ನಿದ್ದೆಗೂ ನಡುವೆ ಮೂರು ತಾಸಾದರೂ ಇರಲಿ.